ಹಿಡಿಯೊಳಗಿನ ತೂತು

2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜು ಕಟ್ಟೆಯೊಂದರಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಂಪಣಿಯವರು ಅದನ್ನು ಎತ್ತಿಕೊಂಡು ಹೋಗಿ ತಮ್ಮ ಸೇನಾಧಿಕಾರಿ ಡೇವಿಡ್ ಬೇರ್ಡನಿಗೆ ಕೊಟ್ಟಿದ್ದರು. ಹರಾಜಾದ ಮಾರನೆಯ ದಿನ ಪೇಪರುಗಳಲ್ಲಿ ಅಲಗಿನ ಮಾತು, ಹಿಡಿಯ ಮೇಲಿನ ಚಿನ್ನದ ಮಾತು, ದುಡ್ಡಿನ ಮಾತು. ಅದು ದೇಶದ ಮಾನ ಅಂದವರು ಕೆಲವರು, ಬೇರೆ ಏನೇನೋ ಅಂದವರು ಕೆಲವರು. ಇರಲಿ. ನನ್ನ ಪ್ರಶ್ನೆ ಬಹಳ ಸಣ್ಣದು. ಬೀಸಿದಾಗ ಅಲಗು ಹಿಡಿಯಿಂದ ಕಿತ್ತು ಹಾರಿಹೋಗದೆ ನಿಲ್ಲುತ್ತದಲ್ಲ, ಹಾಗೆ ನಿಲ್ಲಿಸಿದವರು ಯಾರು? ಹೇಗೆ ನಿಲ್ಲಿಸಿದರು?

ನಮ್ಮ ದೇಶದ ತಲವಾರುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಹಿಡಿಯೊಳಗೆ ಒಂದು ಪೊಳ್ಳು ಇರುತ್ತದೆ. ಅದಕ್ಕೆ ಕಾಸಿದ ಅರಗು ತುಂಬಿ, ಅಲಗಿನ ಹಿಂದಿನ ಬಾಲವನ್ನು ಅದರೊಳಗೆ ಇಳಿಸಿ ಆರಲು ಬಿಡುತ್ತಿದ್ದರು. ಅಷ್ಟೇ. ಸಾಮ್ರಾಜ್ಯಗಳನ್ನು ಕಟ್ಟಿದ ಕತ್ತಿಗಳು ಮರದ ಮೇಲಿನ ಹುಳುವಿನ ಅಂಟಿನಲ್ಲಿ ನಿಂತಿದ್ದವು. ಹಿಡಿಯನ್ನು ಬೆಂಕಿಗೆ ಹಿಡಿದರೆ ಅರಗು ಕರಗಿ ಅಲಗು ಕೈಗೆ ಬರುತ್ತಿತ್ತು. ಇದನ್ನು ಯಾವ ಆಸ್ಥಾನ ಕವಿಯೂ ಹಾಡಲಿಲ್ಲ. ಆಸ್ಥಾನ ಕವಿಗಳ ಮಾತೇಕೆ, ಕಾವ್ಯವನ್ನು ಖಡ್ಗ ಅಂತ ಕರೆದ ನಾವೂ ಅಲಗಿನ ಮಾತನ್ನೇ ಆಡಿದೆವು. ನಮ್ಮ ಕವಿತೆಗಳಲ್ಲಿ ಎಷ್ಟು ಕತ್ತಿ, ಎಷ್ಟು ಕುಡುಗೋಲು! ಒಂದಕ್ಕಾದರೂ ಹಿಡಿ ಇದೆಯಾ ನೋಡಿ.

ನಾನು ಬರೆಯಹೊರಟಿರುವುದು ಆ ಹಿಡಿಯೊಳಗಿನ ತೂತಿನ ಚರಿತ್ರೆ.

ಮೊದಲು ಕೆಲಸ ಎಂಥದ್ದು ಅಂತ ತಿಳಿಯೋಣ. ಕುಡುಗೋಲಾಗಲಿ, ಮಚ್ಚಾಗಲಿ, ಅಡಿಗೆಮನೆಯ ಚಾಕುವಾಗಲಿ, ಅಲಗಿನ ಹಿಂದೆ ಒಂದು ಬಾಲ ಇರುತ್ತದೆ. ಅದಕ್ಕೆ ಹರಿತ ಇಲ್ಲ, ಹೊಳಪಿಲ್ಲ. ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ. ಈ ಬಾಲವನ್ನು ಹಿಡಿಯೊಳಗೆ ಕೂರಿಸೋಕೆ ಹಳ್ಳಿಯ ಕುಲುಮೆಯಲ್ಲಿ ಸುಲಭದ ದಾರಿ ಅಂದರೆ ಸುಡುವುದು. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಕೆಂಪಗೆ ಕಾಸಿ, ಜಾಲಿ ಮರದ ಹಿಡಿಗೆ ಒತ್ತುತ್ತಾರೆ. ಬುಸ್ಸಂತ ಹೊಗೆ ಏಳುತ್ತೆ. ಬಾಲ ತನ್ನ ಅಚ್ಚನ್ನು ತಾನೇ ಕೊರಕೊಂಡು ಒಳಗೆ ಇಳಿಯುತ್ತೆ. ಒದ್ದೆ ಬಟ್ಟೆ ಯಾಕೆ? ಬಿಸಿ ಅಲಗಿಗೆ ಏರಿದರೆ ಅದಕ್ಕೆ ಕೊಟ್ಟ ಹದ ಹೋಗುತ್ತೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ಆದರೆ ಈ ದಾರಿಗೆ ಒಂದು ಕೊರತೆ ಇದೆ. ಜಾಸ್ತಿ ಸುಟ್ಟರೆ ತೂತಿನ ಒಳಗೋಡೆ ಇದ್ದಿಲಾಗುತ್ತದೆ. ಇದ್ದಿಲು ಪುಡಿಯಾಗಿ ಉದುರುತ್ತದೆ, ಹಿಡಿ ಸಡಿಲ. ಆದ್ದರಿಂದ ತಿಳಿದವರು ಮೊದಲು ಬೈರಿಗೆಯಲ್ಲಿ ಸಣ್ಣ ತೂತು ಕೊರೆದು, ಆಮೇಲೆ ಅಷ್ಟಕ್ಕಷ್ಟೇ ಸುಡುತ್ತಾರೆ.

ಕೊರೆಯುವುದು ಅಂದರೆ ಅಲ್ಲೂ ತಕರಾರು. ಬೈರಿಗೆಯ ತೂತು ದುಂಡಗೆ, ಬಾಲ ಚಪ್ಪಟೆ. ದುಂಡು ತೂತಿಗೆ ಚಪ್ಪಟೆ ಬಾಲ ಹೋದರೆ ಎರಡು ಕಡೆ ಸಂದು ಉಳಿಯುತ್ತೆ, ಕೈಯಲ್ಲಿ ಅಲಗು ತಿರುಗುತ್ತೆ. ಅದಕ್ಕೆ ಪಕ್ಕಪಕ್ಕ ಎರಡು ಮೂರು ತೂತು ಕೊರೆದು, ನಡುವಿನ ತೆಳು ಗೋಡೆಯನ್ನು ಸಣ್ಣ ಅರದಿಂದಲೋ ಹಲ್ಲಿನ ಕಬ್ಬಿಣದಿಂದಲೋ ತಿಕ್ಕಿ ತೆಗೆದು, ಬಾಯಲ್ಲಿ ಅಗಲ, ಆಳದಲ್ಲಿ ಕಿರಿದು ಮಾಡಬೇಕು. ಬಾಯಲ್ಲಿ ಬೈರಿಗೆ ಒಂದು ಕೂದಲೆಳೆ ವಾಲಿದರೆ ನಾಲ್ಕು ಬೆರಳು ಒಳಗೆ ಹೋಗುವಷ್ಟರಲ್ಲಿ ಪಕ್ಕದಿಂದ ಆಚೆ ಬಂದಿರುತ್ತದೆ. ಆಗ ಹಿಡಿ ಒಲೆಗೆ. ಸರಿಯಾಗಿ ಬಂದರೂ ಬಾಲ ಒತ್ತಿ ಹೊಡೆಯುವಾಗ ಹಿಡಿಯ ಬಾಯಿ ಸೀಳಬಹುದು. ಅದಕ್ಕೇ ಅಲ್ಲಿ ಒನಕೆಯ ಅಣಸಿನಂಥ ಒಂದು ಬಳೆ. ಕೊನೆಗೆ, ಇಷ್ಟೂ ಕೆಲಸ ಕಣ್ಣಿಗೆ ಬೀಳದ ಹಾಗೆ ಮುಚ್ಚಿಹೋಗುತ್ತದೆ. ಚೆನ್ನಾಗಿ ಮಾಡಿದಷ್ಟೂ ಕಾಣಿಸುವುದಿಲ್ಲ. ಕೆಟ್ಟರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತೆ.

ನಮ್ಮವ್ವ ಕೊಯ್ಲಿಗೆ ಹೋಗುವ ಹಿಂದಿನ ರಾತ್ರಿ ಕುಡುಗೋಲಿನ ಹಿಡಿಯನ್ನು ನೀರಿನ ಮಡಕೆಯಲ್ಲಿ ಅದ್ದಿಡ್ತಿದ್ದಳು. ಮರ ನೀರು ಕುಡಿದು ಊದಿ ಬಾಲವನ್ನು ಬಿಗಿಹಿಡಿಯಲಿ ಅಂತ. ಅದೂ ಸಾಲದಿದ್ದರೆ ಸೀರೆಯ ಚಿಂದಿ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಓದಿದ ನನಗೆ ಕಾಲೇಜಿನ ಮೂರು ವರ್ಷದಲ್ಲಿ ಕಬ್ಬಿಣ ಯುಗ ಅಂತ ಹೇಳಿಕೊಟ್ಟರು. ಆ ಯುಗದ ಕಬ್ಬಿಣ ಹಿಡಿಯಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕು ಅಂತ ಹೇಳಿಕೊಟ್ಟವಳು ಅವ್ವ.

ಕೊರೆಯುವ ಕೈಕೆಲಸ ಕಬ್ಬಿಣಕ್ಕಿಂತ ಹಳೆಯದು. ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದ ಸ್ಮಶಾನದಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಲ್ಲಿ ಕೊರೆದ ತೂತುಗಳು ಸಿಕ್ಕಿದವು. 2006ರಲ್ಲಿ ಅದರ ವರದಿ ಬಂತು. 7,500ರಿಂದ 9,000 ವರ್ಷ ಹಳೆಯ ಹಲ್ಲುಗಳು. ಮಣಿ ಕೊರೆಯುತ್ತಿದ್ದ ಊರು ಅದು; ಚಕಮಕಿ ಕಲ್ಲಿನ ಮೊನೆಗಳಿಂದ ಮನುಷ್ಯನ ಹಲ್ಲನ್ನೂ ಕೊರೆದಿದ್ದರು. ಈಜಿಪ್ಟಿನಲ್ಲಿ ಸುಮಾರು 3,400 ವರ್ಷದ ಹಿಂದಿನ ರೆಖ್ಮಿರೆ ಎಂಬ ಮಂತ್ರಿಯ ಗೋರಿಯ ಗೋಡೆಯ ಮೇಲೆ ಬಡಗಿಯೊಬ್ಬ ಬಿಲ್ಲಿನಿಂದ ಬೈರಿಗೆ ತಿರುಗಿಸುವ ಚಿತ್ರ ಇದೆ. ಬಿಲ್ಲಿನ ಹುರಿಯನ್ನು ಬೈರಿಗೆಯ ಕಡ್ಡಿಗೆ ಒಂದು ಸುತ್ತು ಸುತ್ತಿ ಹಿಂದಕ್ಕೆ ಮುಂದಕ್ಕೆ ಎಳೆಯುವುದು. ಗೋರಿ ಮಂತ್ರಿಯದು, ಹೆಸರೂ ಮಂತ್ರಿಯದು. ಬಡಗಿ ಗೋಡೆಯ ಮೇಲೆ ಇನ್ನೂ ಕೊರೆಯುತ್ತಲೇ ಇದ್ದಾನೆ. ಬಿಲ್ಲು ಅಂದ ಕೂಡಲೇ ನಮ್ಮ ಮೇಷ್ಟ್ರುಗಳಿಗೆ ಅರ್ಜುನ ನೆನಪಾಗುತ್ತಾನೆ, ನಮಗೆ ಏಕಲವ್ಯ. ಇಬ್ಬರನ್ನೂ ಬಿಟ್ಟು ಹೊಟ್ಟೆಪಾಡಿಗೆ ಬಿಲ್ಲು ಎಳೆದ ಈ ಬಡಗಿಯ ಕಡೆ ಒಂದು ಸಲ ನೋಡಬೇಕು.

ನಮ್ಮ ನೆಲಕ್ಕೆ ಬರೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ. ದೊಡ್ಡ ಬಂಡೆಗಳ ಸಮಾಧಿಗಳೊಳಗೆ ಕಬ್ಬಿಣದ ಹತಾರಗಳು ಸಿಕ್ಕವು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಸುಮಾರು 3,000 ವರ್ಷ ಹಳೆಯದು ಅಂತ ಲೆಕ್ಕ ಸಿಕ್ಕಿತು. ನಮ್ಮ ಜನ ಕಬ್ಬಿಣ ಕಂಡು ಮೂರು ಸಾವಿರ ವರ್ಷ! ಆದರೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಇಂಥ ಹತಾರಗಳನ್ನು ನೋಡಿ, ಅಲಗು ಇರುತ್ತೆ, ತುಕ್ಕು ತಿಂದ ಬಾಲ ಇರುತ್ತೆ, ಹಿಡಿ ಇರೋದಿಲ್ಲ. ಮರ, ಕೊಂಬು, ಮೂಳೆ ಮಣ್ಣಾಗಿರುತ್ತವೆ. ಹಿಡಿಯ ಜೊತೆ ಅದನ್ನು ಹಿಡಿದ ಕೈಯೂ ಹೋಗಿರುತ್ತೆ. ಹೀಗಾಗಿ ಇತಿಹಾಸ ಅನ್ನುವುದು ಅಲಗುಗಳ ಇತಿಹಾಸವಾಗಿಬಿಟ್ಟಿದೆ. ಆ ಖಾಲಿ ಬಾಲವೇ ನಮಗೆ ಸಾಕ್ಷಿ. ಬಾಲ ಇದ್ದ ಮೇಲೆ ತೂತು ಇತ್ತು, ತೂತು ಇದ್ದ ಮೇಲೆ ಕೊರೆದವನು ಇದ್ದ.

ಆ ಕಬ್ಬಿಣದಿಂದ ಉಕ್ಕು ಬಂತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕುಂಪಣಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಲು ಕಳಿಸಿತು. ಏನು ಬೆಳೆಯುತ್ತೆ, ಯಾವ ಜಾತಿ ಏನು ಮಾಡುತ್ತೆ, ಎಷ್ಟು ಕಂದಾಯ ಎಳೆಯಬಹುದು ಅಂತ ನೋಡಿ ಬರೋಕೆ. 1807ರಲ್ಲಿ ಅವನ ಮೂರು ಸಂಪುಟ ಅಚ್ಚಾದವು. ನಮ್ಮ ಕಡೆಯ ಉಕ್ಕಿನ ಒಲೆಗಳನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಹಾಕಿ, ಬಾಯಿ ಮೆತ್ತಿ, ತಿದಿ ಒತ್ತಿ ಒತ್ತಿ ಕರಗಿಸುವುದು. ತಂಗಡಿಯ ಹೆಸರು ಬಂದಾಗ ನಾನು ಸ್ವಲ್ಪ ನಿಲ್ಲುತ್ತೇನೆ. ಅದೇ ತಂಗಡಿಯ ಚೆಕ್ಕೆಯಲ್ಲಿ ಮಾದಿಗರು ತೊಗಲು ಹದ ಮಾಡಿದರು. ಬೀಳುಭೂಮಿಯಲ್ಲಿ ಹಳದಿ ಹೂ ಬಿಡುವ ಒಂದೇ ಗಿಡ. ಅದರ ಕಡ್ಡಿ ಉಕ್ಕಿನ ಒಲೆಗೆ, ಚೆಕ್ಕೆ ತೊಗಲಿನ ತೊಟ್ಟಿಗೆ. ಗಿಡಕ್ಕೆ ಮಡಿ ಮೈಲಿಗೆ ಇರಲಿಲ್ಲ.

ಇನ್ನೊಂದು ಸಂಗತಿಯೂ ಬುಕಾನನ್ ಬರೆದದ್ದರಲ್ಲಿ ಇದೆ. ಆಗ ಊರುಗಳೆಲ್ಲ ಎಡಗೈ ಬಲಗೈ ಅಂತ ಒಡೆದಿದ್ದವು. ಎಡಗೈಗೆ ಒಂಬತ್ತು ಪಣ, ಬಲಗೈಗೆ ಹದಿನೆಂಟು ಪಣ. ಎಡಗೈಯವರ ಮುಂದಾಳುಗಳು ಪಾಂಚಾಳರು, ಅಂದರೆ ಕಮ್ಮಾರ, ಬಡಗಿ, ಅಕ್ಕಸಾಲಿ, ಕಂಚುಗಾರ, ಕಲ್ಲುಕುಟಿಗ. ಅದೇ ಎಡಗೈಯ ಕೊನೆಯಲ್ಲಿ ಮಾದಿಗರು. ಹೊಲೆಯರು ಬಲಗೈ. ಮೆರವಣಿಗೆಯ ಹಾದಿ ಯಾರದ್ದು, ಮದುವೆ ಚಪ್ಪರದ ಕಂಬ ಎಷ್ಟು ಅಂತ ಎಡಗೈಗೂ ಬಲಗೈಗೂ ಹೊಡೆದಾಟವಾದಾಗ ಕಮ್ಮಾರನೂ ಮಾದಿಗನೂ ಒಂದೇ ಪಕ್ಷ. ಏಟು ತಿನ್ನೋಕೆ ಒಂದೇ ಕೈ, ನೀರು ಕುಡಿಯೋಕೆ ಬೇರೆ ಬೇರೆ. ಅಲಗು ಬಡಿದವನು ಮೇಲಿನ ತುದಿಯಲ್ಲಿ, ಕೊಂಬು ಬಿಡಿಸಿದವನು ಕೆಳತುದಿಯಲ್ಲಿ. ಕತ್ತಿಯಲ್ಲಿ ಮಾತ್ರ ಅಲಗೂ ಕೊಂಬೂ ಒಂದರೊಳಗೊಂದು ಸೇರುತ್ತಿದ್ದವು. ಹಿಡಿಯೊಳಗಿನ ಆ ತೂತು, ಕಮ್ಮಾರನ ಕೆಲಸವೂ ಮಾದಿಗನ ಕೆಲಸವೂ ಮೈಲಿಗೆ ಇಲ್ಲದೆ ಕೂಡಿದ ಜಾಗ.

ಮಾದಿಗರಿಗೆ ಕತ್ತಿ ಅಂದರೆ ಅನ್ನ. ತೊಗಲು ಸುಲಿಯುವ ಚೂರಿ, ಕತ್ತರಿಸುವ ರಂಪಿಗೆ, ಚುಚ್ಚುವ ಉಳಿ. ಹನ್ನೆರಡನೆಯ ಶತಮಾನದ ವಚನಕಾರ ಮಾದಾರ ಚೆನ್ನಯ್ಯನ ಅಂಕಿತ ಗಮನಿಸಿ. ಅಂಕಿತ ಅಂದರೆ ಕವಿಯ ಸಹಿ. ಉಳಿದ ಶರಣರಲ್ಲಿ ಬಹಳ ಜನ ತಮ್ಮ ಇಷ್ಟದ ದೇವರ ಹೆಸರು ಹಾಕಿದರೆ, ಈ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗೂಟ ಬಂದು ಕೂತಿವೆ. ದೇವರ ಪಕ್ಕದಲ್ಲಿ ಹತಾರ! ಪಂಡಿತರು ಇದರೊಳಗೆ ಅಧ್ಯಾತ್ಮ ಹುಡುಕುತ್ತಾರೆ, ಹುಡುಕಲಿ. ದಿನವಿಡೀ ಹಿಡಿ ಹಿಡಿದು ಅಂಗೈ ಜಡ್ಡುಗಟ್ಟಿದವನಿಗೆ ಸಹಿ ಹಾಕುವಾಗ ಬೇರೆ ಏನು ನೆನಪಾಗಬೇಕಿತ್ತು?

ಈಗ ಇಂಗ್ಲೆಂಡಿಗೆ ಹೋಗಲೇಬೇಕು, ಯಾಕೆಂದರೆ ನಮ್ಮ ಉಕ್ಕೂ ಹೋಯಿತು, ನಮ್ಮ ಕೊಂಬೂ ಹೋಯಿತು.

ಉಕ್ಕು ಹೋದದ್ದು ಹೀಗೆ. ಬೊಂಬಾಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಅದರ ಮಾದರಿಯನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷೆ ಮಾಡಿ ಬರೆದ. ಹೆಸರು 'ವೂಟ್ಜ್' ಅಂತ ಆಗಿತ್ತು. ಉಕ್ಕು ಅನ್ನೋ ಕನ್ನಡ ಮಾತೇ ಅವರ ಬಾಯಲ್ಲಿ, ಬರಹದಲ್ಲಿ ಹಾಗೆ ತಿರುಚಿಹೋಯಿತು ಅಂತ ಬಹಳ ಜನ ವಿದ್ವಾಂಸರ ಮಾತು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಅದರಲ್ಲಿ ಚಾಕು ಮಾಡಿ ನೋಡಿದ. ಅದೇ ಸ್ಟೋಡಾರ್ಟ್ ಆಮೇಲೆ ಮೈಕೆಲ್ ಫ್ಯಾರಡೆಯ ಜೊತೆ ಸೇರಿ 1820ರಲ್ಲೂ 1822ರಲ್ಲೂ ಉಕ್ಕಿನ ಮಿಶ್ರಣಗಳ ಬಗ್ಗೆ ಲೇಖನ ಪ್ರಕಟಿಸಿದ. ನಮ್ಮ ಮೂಸೆಗಳನ್ನು ಊದಿದವರ ಹೆಸರು ಆ ಲೇಖನಗಳಲ್ಲಿ ಹುಡುಕಬೇಡಿ.

ಚಾಕುಗಳ ರಾಜಧಾನಿ ಶೆಫೀಲ್ಡ್. ಅಲ್ಲಿ ಚಾಕು ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ, ಹಿಡಿ ಹಾಕುವವನು ಇನ್ನೊಬ್ಬ. ಬಾಡಿಗೆಗೆ ಒಂದು ಕಿಂಡಿಯಷ್ಟು ಜಾಗ ಹಿಡಿದು ದುಡಿಯುವ ಸಣ್ಣ ಕಸಬುದಾರರನ್ನು ಅಲ್ಲಿಯ ಆಡುಮಾತಿನಲ್ಲಿ 'ಲಿಟ್ಲ್ ಮೆಸ್ಟರ್' ಅನ್ನುತ್ತಿದ್ದರು. ನಮ್ಮ ಮೇಸ್ತ್ರಿಗೆ ಹತ್ತಿರದ ಶಬ್ದದ ಹಾಗೆ ಕೇಳಿಸುತ್ತೆ, ಆದರೆ ಆ ಮೆಸ್ಟರನ ಕೈಕೆಳಗೆ ಹೆಚ್ಚಾಗಿ ಅವನ ಹಸಿವು ಮಾತ್ರ ಇರುತ್ತಿತ್ತು.

ಹಿಡಿ ಹಾಕುವವನ ಬೈರಿಗೆಯೂ ಬಿಲ್ಲಿನದೇ. ಈಜಿಪ್ಟಿನ ಗೋಡೆಯ ಮೇಲಿನ ಅದೇ ಬಿಲ್ಲು. ವ್ಯತ್ಯಾಸ ಒಂದೇ. ಎರಡು ಕೈಯೂ ಕೆಲಸಕ್ಕೆ ಬೇಕಲ್ಲ, ಒಂದು ಹಿಡಿಗೆ, ಒಂದು ಬಿಲ್ಲಿಗೆ. ಹಾಗಾದರೆ ಬೈರಿಗೆಯನ್ನು ಒತ್ತೋದು ಯಾವುದರಿಂದ? ಎದೆಯಿಂದ. ಎದೆಗೆ ಒಂದು ಕಬ್ಬಿಣದ ತಟ್ಟೆ ಕಟ್ಟಿಕೊಂಡು, ಬೈರಿಗೆಯ ಹಿಂದಿನ ತುದಿಯನ್ನು ಅದಕ್ಕೆ ಆನಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಬಿಲ್ಲು ಎಳೆಯುವುದು. ರಾಜರು ಯುದ್ಧಕ್ಕೆ ಎದೆಗವಚ ತೊಟ್ಟರು. ಇವರು ಚಾಕುವಿನ ಹಿಡಿ ಕೊರೆಯೋಕೆ ತೊಟ್ಟರು. ತೂತಾದ ಮೇಲೆ ರಾಳ, ಇಟ್ಟಿಗೆ ಪುಡಿ ಸೇರಿಸಿದ ಅಂಟು ತುಂಬಿ, ಬಾಲ ಕಾಸಿ ಇಳಿಸುವುದು. ನಮ್ಮ ಅರಗಿನ ಕೆಲಸವೇ. ಆ ಅಂಟು ಬಿಸಿನೀರಿಗೆ ಬಿದ್ದರೆ ಮೆತ್ತಗಾಗಿ ಹಿಡಿ ಕಳಚುತ್ತಿತ್ತು. ಅದಕ್ಕೇ ದೊಡ್ಡ ಮನೆಗಳಲ್ಲಿ ಊಟದ ಚಾಕು ತೊಳೆಯುವ ಆಳುಗಳಿಗೆ ಹಿಡಿ ನೆನೆಸಬೇಡ ಅಂತ ತಾಕೀತು.

ಹಿಡಿಗೆ ಏನು ಬಳಸುತ್ತಿದ್ದರು? ಶ್ರೀಮಂತರಿಗೆ ಆನೆದಂತ, ಮುತ್ತಿನ ಚಿಪ್ಪು. ಉಳಿದವರಿಗೆ ಮೂಳೆ, ಕೊಂಬು, ಮರ. ಶಿಕಾರಿ ಚಾಕುಗಳಿಗೆ ಇಂಡಿಯಾದ ಕಡವೆಯ ಕೊಂಬು. ಕಡವೆ ವರ್ಷ ವರ್ಷ ಕೊಂಬು ಉದುರಿಸುತ್ತೆ, ಕಾಡಿನಲ್ಲಿ ಆರಿಸಿ ತರಬೇಕು. ಹೊರಗಡೆ ಕಲ್ಲಿನಂತೆ ಗಟ್ಟಿ, ಒಳಗೆ ಬೆಂಡು. ಬೈರಿಗೆ ಬೆಂಡಿನಲ್ಲಿ ಸಲೀಸಾಗಿ ಇಳಿಯುತ್ತೆ, ಆದರೆ ಅಂಟು ಸರಿಯಾಗಿ ತುಂಬದಿದ್ದರೆ ಬಾಲಕ್ಕೆ ಹಿಡಿತವೇ ಸಿಗಲ್ಲ. 1990ರ ದಶಕದಲ್ಲಿ ಇಂಡಿಯಾ ಕಡವೆ ಕೊಂಬಿನ ರಫ್ತು ನಿಲ್ಲಿಸಿತು. ಅಲ್ಲಿಯವರೆಗೆ ಅದು ಹಡಗು ಹತ್ತುತ್ತಲೇ ಇತ್ತು. ಅದರ ಜೊತೆಗೆ ಎಮ್ಮೆ ಕೋಣಗಳ ಕೊಂಬು. ಬುಡದಲ್ಲಿ ಪೊಳ್ಳು, ತುದಿಯಲ್ಲಿ ಗಟ್ಟಿ. ಆ ಗಟ್ಟಿ ತುದಿ ಹಿಡಿಗೆ ಬಹಳ ಒಳ್ಳೆಯದು. ಕೊರೆಯುವಾಗ ಬಿಸಿಯಾಗಿ ಕೂದಲು ಸುಟ್ಟ ವಾಸನೆ ಬರುತ್ತೆ. ಆ ವಾಸನೆ ನಮ್ಮ ಕೇರಿಗೆ ಹೊಸದಲ್ಲ.

ಕೋಣ ಸತ್ತರೆ ಎಳೆಯುವವರು ಯಾರು? ಊರಿನ ಹೊಲೆಯ ಮಾದಿಗರು. ಅದು ಬಿಟ್ಟಿ ಚಾಕರಿ, ಹಕ್ಕು ಅಂತ ಹೆಸರಿಟ್ಟ ಹೊರೆ. ಸುಲಿದವರು ಅವರು, ಕೊಂಬು ಬಿಡಿಸಿದವರು ಅವರು. ತೊಗಲೂ ಕೊಂಬೂ ಮಂಡಿ ಸಾಹುಕಾರನ ಕೈ ಸೇರಿದ ಕ್ಷಣ ಸರಕಾಗಿಬಿಡುತ್ತಿತ್ತು. ಸರಕಿಗೆ ಮೈಲಿಗೆ ಇಲ್ಲ ನೋಡಿ. ಅದನ್ನು ಮುಟ್ಟಿದ ಸಾಹುಕಾರ ಸ್ನಾನ ಮಾಡಲಿಲ್ಲ, ಲೆಕ್ಕ ಬರೆದ. ಶೆಫೀಲ್ಡಿನ ಬಿಳಿಯ ಅದನ್ನು ಎದೆಗೆ ಆನಿಸಿ ಕೊರೆದ. ಅದೇ ಹಿಡಿಯ ಚಾಕು ಮತ್ತೆ ಹಡಗು ಹತ್ತಿ ಬಂದು, ಕಂಟೋನ್ಮೆಂಟಿನ ಅಂಗಡಿಯಲ್ಲಿ ವಿಲಾಯತಿ ಮಾಲು ಅಂತ ಮಾರಾಟವಾದಾಗ ನಮ್ಮ ಮಡಿವಂತರೂ ಕೊಂಡರು. ಕೊಂಬಿಗೆ ಜಾತಿ ಇರಲಿಲ್ಲ, ಕೊಂಬು ಬಿಡಿಸಿದವನಿಗೆ ಇತ್ತು.

1927ರ ಮಾರ್ಚಿಯಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯುವುದನ್ನೂ ತಿನ್ನುವುದನ್ನೂ ಬಿಡಿ ಅಂದರು. ಕೆರೆಯ ನೀರು ಮುಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ, ಈ ಮಾತನ್ನು ಕಮ್ಮಿ ಹೇಳುತ್ತಾರೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿಯುತ್ತಿದ್ದ ದಲಿತ ಹುಡುಗರನ್ನು ಗಾಡಿಗೆ ಕಟ್ಟಿ ಬಡಿದರು. ಆಗ ಸುರೇಂದ್ರನಗರದ ಜನ ಸತ್ತ ದನಗಳನ್ನು ತಂದು ಜಿಲ್ಲಾಧಿಕಾರಿಯ ಕಚೇರಿ ಮುಂದೆ ಹಾಕಿದರು. ಚೂರಿ ಕೆಳಗಿಟ್ಟರು ಅಷ್ಟೇ. ಅಲಗು ಎತ್ತಿ ತೋರಿಸಬೇಕಾದ್ದೇ ಬರಲಿಲ್ಲ.

ಶೆಫೀಲ್ಡಿನ ಕೆಲಸಗಾರರು ಸುಖವಾಗಿದ್ದರು ಅಂತ ಯಾರೂ ತಿಳಿಯಬೇಡಿ. 1843ರಲ್ಲಿ ಕ್ಯಾಲ್ವರ್ಟ್ ಹಾಲೆಂಡ್ ಎಂಬ ಅಲ್ಲಿಯ ವೈದ್ಯ ಸಾಣೆಯವರ ಪುಪ್ಪುಸದ ರೋಗದ ಬಗ್ಗೆ ಪುಸ್ತಕವನ್ನೇ ಬರೆದ. ಎಂಗೆಲ್ಸ್ 1845ರಲ್ಲಿ ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ನೈಟ್ ಎಂಬ ವೈದ್ಯನ ಲೆಕ್ಕ ಕೊಡುತ್ತಾನೆ: ಒಣ ಕಲ್ಲಿನ ಮೇಲೆ ಸಾಣೆ ಹಿಡಿಯುವವರು 35 ದಾಟುವುದು ಅಪರೂಪ, ನೀರು ಹಾಕಿ ಹಿಡಿಯುವವರು 45. ಕಲ್ಲಿನ ಧೂಳು, ಕಬ್ಬಿಣದ ಧೂಳು ಎದೆಯೊಳಗೆ. ಧೂಳು ಎಳೆದುಹಾಕುವ ಯಂತ್ರ ಬಂದಾಗ ಸಾಣೆಯವರಲ್ಲೇ ಕೆಲವರು ಅದನ್ನು ಒಡೆದುಹಾಕಿದರಂತೆ. ಯಾಕೆ ಗೊತ್ತಾ? ಸಾಯುವವರು ಕಮ್ಮಿಯಾದರೆ ಕಸಬಿಗೆ ಜನ ಜಾಸ್ತಿಯಾಗಿ ಕೂಲಿ ಇಳಿಯುತ್ತೆ ಅಂತ. ತಮ್ಮ ಸಾವಿನಿಂದಲೇ ತಮ್ಮ ಕೂಲಿಯನ್ನು ಕಾಯ್ದುಕೊಂಡ ಜನ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಂಡಿಗೆ ಇಳಿಯುವ ನಮ್ಮ ಪೌರಕಾರ್ಮಿಕರ ಮನೆಗಳಲ್ಲಿ, ಅಪ್ಪ ಸತ್ತರೆ ಮಗನಿಗೆ ಆ ಕೆಲಸ ಸಿಗುತ್ತೆ ಅನ್ನುವ ಮಾತನ್ನು ನಾನು ಕೇಳಿದ್ದೆ.

ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ನಾನು ಒಪ್ಪುವುದಿಲ್ಲ. ಶೆಫೀಲ್ಡಿನಲ್ಲೂ ಬೇಲಿ ಇತ್ತು. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಕಟ್ಟಿದ ಚಾಕು ಕಸಬಿನವರ ಕಂಪನಿ, ಇಂಥವರು ಮಾತ್ರ ಕಸಬು ಮಾಡಬೇಕು, ಇಷ್ಟು ವರ್ಷ ಶಿಷ್ಯವೃತ್ತಿ ಮಾಡಿರಬೇಕು ಅಂತ ಕಟ್ಟುಪಾಡು ಹಾಕಿತ್ತು. 1814ರಲ್ಲಿ ಇನ್ನೊಂದು ಕಾಯಿದೆ ಬಂದು ಆ ಬೇಲಿ ಹೋಯಿತು. ಸಾಣೆಯವರ ಸಂಘಗಳು ಮಾತು ಕೇಳದವರ ಸಲಕರಣೆ ಕದ್ದು, ಮದ್ದು ಸಿಡಿಸಿ ಗಲಾಟೆ ಮಾಡಿ, 1867ರಲ್ಲಿ ವಿಚಾರಣಾ ಆಯೋಗದ ಮುಂದೆ ಅವರ ಮುಖಂಡ ವಿಲಿಯಂ ಬ್ರಾಡ್‌ಹೆಡ್ ಎಲ್ಲವನ್ನೂ ಒಪ್ಪಿಕೊಂಡ. ಆದರೂ 1871ರಲ್ಲಿ ಸಂಘ ಕಟ್ಟುವ ಹಕ್ಕು ಕಾನೂನಾಗಿ ಬಂತು. ಅಂದರೆ ಅಲ್ಲಿನ ಬೇಲಿಯನ್ನು ಹಾಕಿದ್ದೂ ಕಾಯಿದೆ, ಕಿತ್ತದ್ದೂ ಕಾಯಿದೆ. ನಮ್ಮ ಬೇಲಿಯನ್ನು ಹಾಕಿದ ಕಾಗದ ಯಾವ ಕಚೇರಿಯಲ್ಲೂ ಇಲ್ಲ. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕೊಂಬು ಬಿಡಿಸುವವನ ಮಗ ಮಾತ್ರ ಬಹಳ ಊರುಗಳಲ್ಲಿ ಕೊಂಬು ಬಿಡಿಸುತ್ತಲೇ ಉಳಿದ.

1913ರಲ್ಲಿ ಶೆಫೀಲ್ಡಿನಲ್ಲೇ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ. ಆಮೇಲೆ ಹಿಡಿಗೆ ಪ್ಲಾಸ್ಟಿಕ್ ಬಂತು. ಈಗ ಬಹಳ ಚಾಕುಗಳಲ್ಲಿ ತೂತು ಕೊರೆಯುವ ಕೆಲಸವೇ ಇಲ್ಲ. ಬಾಲವನ್ನು ಅಚ್ಚಿನೊಳಗೆ ಇಟ್ಟು ಅದರ ಸುತ್ತ ಕರಗಿದ ಪ್ಲಾಸ್ಟಿಕ್ ಒತ್ತುತ್ತಾರೆ. ತೂತು ಕೊರೆದು ಬಾಲ ಕೂರಿಸುವುದಲ್ಲ, ಬಾಲದ ಮೇಲೆ ಹಿಡಿ ಹೆಪ್ಪುಗಟ್ಟುವುದು. ಸಡಿಲವಾದರೆ ನೀರಿನಲ್ಲಿ ನೆನೆಸಿ ಪ್ರಯೋಜನ ಇಲ್ಲ, ಪ್ಲಾಸ್ಟಿಕ್ ನೀರು ಕುಡಿಯೋದಿಲ್ಲ. ಎಸೆಯಬೇಕು. ನಮ್ಮ ಕಡೆಯ ಸಂತೆಯಲ್ಲಿ ಇನ್ನೂ ಬರೀ ಅಲಗು ಸಿಗುತ್ತೆ, ಬಾಲದ ಸಮೇತ, ಹಿಡಿ ಇಲ್ಲದೆ. ಹಿಡಿ ಹಾಕಿದ್ದಕ್ಕೆ ದರ ಜಾಸ್ತಿ. ಕೂಲಿಯವರು ಬರೀ ಅಲಗು ಕೊಂಡು ಮನೆಯಲ್ಲಿ ತಾವೇ ಸುಟ್ಟೋ ಕೊರೆದೋ ಹಾಕಿಕೊಳ್ಳುತ್ತಾರೆ. ಅದರಲ್ಲಿ ಉಳಿಯುವ ದುಡ್ಡು ಒಂದು ಹೊತ್ತಿನ ಟೀ ಬನ್ನಿಗೆ ಆಗುತ್ತೆ.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಈ ಲೇಖನದ ಉದ್ದಕ್ಕೂ ನಾನು 'ಬಾಲ' ಅಂತಲೇ ಬರೆದಿದ್ದೇನೆ, ನಮ್ಮೂರಲ್ಲಿ ಹಾಗೇ ಅಂತಾರೆ. ನಿಮ್ಮೂರ ಕುಲುಮೆಯಲ್ಲಿ, ನಿಮ್ಮ ಕೇರಿಯಲ್ಲಿ ಅದಕ್ಕೆ ಏನಂತಾರೆ, ಅದು ಕೂರುವ ತೂತಿಗೆ ಏನಂತಾರೆ, ಹಿಡಿ ಬಿಗಿಮಾಡೋಕೆ ಏನು ತುರುಕುತ್ತಾರೆ, ಮಕ್ಕಳ ಕೈಲಿ ಕೇಳಿಸಿ ಬರೆದು ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಜಾಗ ಇದೆ.